ಆಂಟಿಬಯಾಟಿಕ್ ಕೊಟ್ರೆ ಅಪ್ಪನ ಬ್ಲಡ್ ಯೂರಿಯಾ ಇಳಿಯುತ್ತಾ?

ಪ್ರಶ್ನೆ: ನಮಸ್ತೆ ಮೇಡಂ. ನಮ್ಮೂರು ದಾವಣಗೆರೆ ಹತ್ರ. ಅಪ್ಪಂಗೆ 61 ವರ್ಷ, ಶುಗರ್ ಬಂದು 18 ವರ್ಷ ಆಯ್ತು, ಎರಡು ವರ್ಷದಿಂದ ಕಿಡ್ನಿ ತೊಂದ್ರೆ. ಕ್ರಿಯಾಟಿನಿನ್ 4.6, ಡಯಾಲಿಸಿಸ್ ಇನ್ನೂ ಶುರು ಆಗಿಲ್ಲ. ಹೋದ ತಿಂಗಳು ಚಳಿ ಜ್ವರ ಬಂದು ಯೂರಿನ್ ಇನ್ಫೆಕ್ಷನ್ ಅಂದ್ರು, ಆವತ್ತು ಬ್ಲಡ್ ಯೂರಿಯಾ 146 ಇತ್ತು. ಏಳು ದಿನಕ್ಕೆ ಆಂಟಿಬಯಾಟಿಕ್ ಬರ್ಕೊಟ್ರು, ಪಕ್ಕದ ಮನೆಯವ್ರು ಅದು ಕಿಡ್ನಿ ಕೆಡಿಸುತ್ತೆ ಅಂದಿದ್ದಕ್ಕೆ ಅಪ್ಪ ಐದನೇ ದಿನಕ್ಕೇ ನಿಲ್ಲಿಸಿಬಿಟ್ರು. ಆಮೇಲೆ ಟೆಸ್ಟ್ ಮಾಡಿಸಿದ್ರೆ ಯೂರಿಯಾ 118. ಬಿ.ಫಾರ್ಮ ಓದ್ತಿರೋ ನಮ್ಮ ಚಿಕ್ಕಪ್ಪನ ಮಗ ಒಂದು ಹಳೇ ರಿಸರ್ಚ್ ತೋರಿಸಿದ, ಅದರಲ್ಲಿ ಕಿಡ್ನಿ ಫೇಲ್ಯೂರ್ ಇರೋರಿಗೆ ನಿಯೋಮೈಸಿನ್ ಅನ್ನೋ ಆಂಟಿಬಯಾಟಿಕ್ ಮಾತ್ರೆ ಕೊಟ್ರೆ ಕರುಳಿನ ಬ್ಯಾಕ್ಟೀರಿಯಾ ಸತ್ತು ಯೂರಿಯಾ ಅಮೋನಿಯಾ ಆಗೋದು ನಿಲ್ಲುತ್ತೆ ಅಂತಿದೆ. ತಿಂಗಳಿಗೊಂದು ವಾರ ಆ ಮಾತ್ರೆ ಕೊಟ್ರೆ ಡಯಾಲಿಸಿಸ್ ಮುಂದಕ್ಕೆ ಹಾಕಬಹುದಾ? ಅಮ್ಮ ಬೇಳೆ, ಹಾಲು, ಮೊಟ್ಟೆ ಎಲ್ಲಾ ನಿಲ್ಲಿಸಿ ಬರೀ ಗಂಜಿ, ಅನ್ನ ತಿಳಿಸಾರು ಕೊಡ್ತಿದ್ದಾರೆ. ಎರಡು ತಿಂಗಳಲ್ಲಿ ತೂಕ 62ರಿಂದ 58ಕ್ಕೆ ಬಂದಿದೆ, ಯೂರಿಯಾ ಇಳೀತಿದೆ ಅಂತ ಎಲ್ಲರಿಗೂ ಸಮಾಧಾನ. ನಾವು ಸರಿಯಾಗಿ ಮಾಡ್ತಿದ್ದೀವಾ?

ಉತ್ತರ: ನಿಯೋಮೈಸಿನ್ ಕೊಡ್ಬೇಡಿ. ಈಗಾಗ್ಲೇ ತಂದಿಟ್ಟಿದ್ರೆ ವಾಪಸ್ ಕೊಟ್ಬಿಡಿ, ಒಂದು ದಿನಕ್ಕೂ ಬೇಡ. ಯಾಕೆ ಅಂತ ಕೆಳಗೆ ಬಿಡಿಸಿ ಹೇಳ್ತೀನಿ, ಆದ್ರೆ ನಿಮ್ಮ ಪತ್ರದಲ್ಲಿ ನನಗೆ ಯೂರಿಯಾಗಿಂತ ಜಾಸ್ತಿ ಚಿಂತೆ ಆಗಿರೋದು ಆ ನಾಲ್ಕು ಕಿಲೋ ತೂಕ, ಅದಕ್ಕೂ ಬರ್ತೀನಿ.

ಮೊದ್ಲು ನಿಮ್ಮ ತಮ್ಮ ಓದಿದ್ದರ ವಿಷಯ. ಅವನು ತೋರಿಸಿದ್ದು ಸುಳ್ಳಲ್ಲ, ಅಂಥ ಪ್ರಯೋಗ ನಡೆದಿದೆ. ನಾವು ತಿನ್ನೋ ಪ್ರೋಟೀನಲ್ಲಿ ಸುಮಾರು 16% ನೈಟ್ರೋಜನ್ ಇರುತ್ತೆ, ಅಂದ್ರೆ ಆರೂಕಾಲು ಗ್ರಾಂ ಪ್ರೋಟೀನ್ ಕರಗಿದ್ರೆ ಒಂದು ಗ್ರಾಂ ನೈಟ್ರೋಜನ್ ಹೊರಗೆ ಬರುತ್ತೆ, ಅದನ್ನ ಲಿವರ್ ಯೂರಿಯಾ ಮಾಡಿ ರಕ್ತಕ್ಕೆ ಬಿಡುತ್ತೆ. ಇದ್ರಲ್ಲಿ ಹೆಚ್ಚಿನ ಪಾಲು ಮೂತ್ರದಲ್ಲಿ ಹೋಗುತ್ತೆ, ಸುಮಾರು ಕಾಲು ಭಾಗ ಮಾತ್ರ ಕರುಳಿಗೆ ಸೇರುತ್ತೆ. ಕರುಳಿನ ಬ್ಯಾಕ್ಟೀರಿಯಾ ಹತ್ರ ಯೂರಿಯೇಸ್ ಅನ್ನೋ ಕಿಣ್ವ ಇದೆ, ಮನುಷ್ಯರ ಜೀವಕೋಶದಲ್ಲಿ ಅದಿಲ್ಲ, ಅವು ಯೂರಿಯಾನ ಒಡೆದು ಅಮೋನಿಯಾ ಮಾಡ್ತವೆ. ಆ ಅಮೋನಿಯಾ ಕರುಳಿಂದ ರಕ್ತಕ್ಕೆ ಸೇರಿ ನೇರ ಲಿವರಿಗೆ ಹೋಗುತ್ತೆ. ಅಲ್ಲಿ ಏನಾಗುತ್ತೆ? ಮತ್ತೆ ಯೂರಿಯಾನೇ ಆಗುತ್ತೆ. ಈ ಜೇಬಿನ ದುಡ್ಡು ತೆಗೆದು ಆ ಜೇಬಿಗೆ ಹಾಕಿದ ಹಾಗೆ, ಒಟ್ಟು ಲೆಕ್ಕ ಅಷ್ಟೇ ಇರುತ್ತೆ.

ಈಗ ಆಂಟಿಬಯಾಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕೊಂದ್ರೆ ಯೂರಿಯಾ ಒಡೆಯೋದು ನಿಲ್ಲುತ್ತೆ, ನಿಜ. ಆದ್ರೆ ಆ ಅಮೋನಿಯಾದಿಂದ ಲಿವರ್ ಹೊಸದಾಗಿ ಮಾಡ್ತಿದ್ದ ಯೂರಿಯಾನೂ ಅಷ್ಟೇ ಕಮ್ಮಿ ಆಗುತ್ತೆ. ಎರಡೂ ಕಡೆ ಸಮ ಸಮ ಕಮ್ಮಿ ಆದ್ಮೇಲೆ ಕಿಡ್ನಿ ಹೊರಗೆ ಹಾಕ್ಬೇಕಾದ ಯೂರಿಯಾ ಹಾಗೇ ಉಳೀತು. ನಿಮ್ಮ ತಮ್ಮ ಅರ್ಧ ಚಕ್ರ ನೋಡಿದ್ದಾನೆ, ಇನ್ನರ್ಧ ಲಿವರಲ್ಲಿದೆ.

ಆ ಪ್ರಯೋಗ ಯಾಕೆ ಮಾಡಿದ್ರು ಅನ್ನೋದನ್ನ ತಿಳ್ಕೊಂಡ್ರೆ ಗೊಂದಲ ಪೂರ್ತಿ ಹೋಗುತ್ತೆ. 1963ರಲ್ಲಿ ನೇಪಲ್ಸಿನ ಜೋರ್ಡಾನೊ, 1964ರಲ್ಲಿ ಪೀಸಾದ ಜೊವನೆಟ್ಟಿ ಮತ್ತು ಮಾಜೊರೆ, ಕಿಡ್ನಿ ಪೂರ್ತಿ ಸೋತವರಿಗೆ ತುಂಬಾ ಕಮ್ಮಿ ಪ್ರೋಟೀನಿನ ಊಟ ಕೊಟ್ಟು ನೋಡಿದ್ರು. ಆಗ ಡಯಾಲಿಸಿಸ್ ಅನ್ನೋದು ಜಗತ್ತಿನ ಬೆರಳೆಣಿಕೆ ಊರುಗಳಲ್ಲಿ ಇತ್ತಷ್ಟೇ, ಹಾಗಾಗಿ ಊಟದಲ್ಲೇ ಏನಾದ್ರೂ ಮಾಡೋಕೆ ಆಗುತ್ತಾ ಅನ್ನೋದು ಬದುಕು ಸಾವಿನ ಪ್ರಶ್ನೆ ಆಗಿತ್ತು. ರೋಗಿಗಳು ಚೇತರಿಸಿಕೊಂಡ್ರು, ವಾಂತಿ ನಿಲ್ತು. ಆಗ ಹುಟ್ಟಿದ ನಂಬಿಕೆ ಏನಂದ್ರೆ, ಕರುಳಲ್ಲಿ ಒಡೆದ ಯೂರಿಯಾದ ನೈಟ್ರೋಜನ್ ಬಳಸಿ ದೇಹ ಹೊಸ ಪ್ರೋಟೀನ್ ಕಟ್ಕೊಳ್ಳುತ್ತೆ, ಕಸದಿಂದಾನೇ ಮಾಂಸ ಆಗುತ್ತೆ ಅಂತ. ಅದು ನಿಜಾನಾ ಅಂತ ಪರೀಕ್ಷೆ ಮಾಡಿದವರು ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್‌ನ ಮ್ಯಾಕೆಂಜಿ ವಾಲ್ಸರ್ ಮತ್ತು ವಿಲಿಯಂ ಮಿಚ್, 1977ರಲ್ಲಿ ಪ್ರಕಟ ಆಯ್ತು. ನಿಯೋಮೈಸಿನ್, ಅದೇ ಗುಂಪಿನ ಕ್ಯಾನಮೈಸಿನ್ ಬಾಯಿಗೆ ಕೊಟ್ಟು ಯೂರಿಯಾ ಒಡೆಯೋದನ್ನ ತಡೆದು ನೈಟ್ರೋಜನ್ ಬ್ಯಾಲೆನ್ಸ್ ಅಳೆದ್ರು, ಅಂದ್ರೆ ಬಾಯಿಗೆ ಹೋದ ನೈಟ್ರೋಜನ್ ಎಷ್ಟು, ಮಲ ಮೂತ್ರದಲ್ಲಿ ಹೊರಗೆ ಬಂದಿದ್ದು ಎಷ್ಟು ಅಂತ. ಯೂರಿಯಾದ ನೈಟ್ರೋಜನ್ ನಿಜಕ್ಕೂ ದೇಹಕ್ಕೆ ಆಧಾರ ಆಗಿದ್ರೆ, ಅದನ್ನ ತಡೆದಾಗ ಬ್ಯಾಲೆನ್ಸ್ ಕೆಡಬೇಕಿತ್ತು. ಕೆಡಲಿಲ್ಲ. ಅಂದ್ರೆ ಆ ಮಾತ್ರೆ ಕೊಟ್ಟಿದ್ದು ದೇಹದೊಳಗೆ ಏನು ನಡೀತಿದೆ ಅಂತ ತಿಳಿಯೋಕೆ, ಅದನ್ನ ಮನೆಯಲ್ಲಿ ತಿಂಗಳು ತಿಂಗಳು ನುಂಗೋ ಚಿಕಿತ್ಸೆ ಅಂತ ಓದ್ಕೋಬಾರ್ದು. (ಇನ್ನೊಂದು, ಹೊರದೇಶದ ಪೇಪರುಗಳಲ್ಲಿ ಯೂರಿಯಾ ಬದ್ಲು ಯೂರಿಯಾ ನೈಟ್ರೋಜನ್ ಅಂತ ಬರೀತಾರೆ, ನಮ್ಮ ಲ್ಯಾಬಿನ ಬ್ಲಡ್ ಯೂರಿಯಾನ 2.14ರಿಂದ ಭಾಗಿಸಿದ್ರೆ ಆ ನಂಬರ್ ಸಿಗುತ್ತೆ. ಅಪ್ಪನ 146 ಅವರ ಲೆಕ್ಕದಲ್ಲಿ 68. ಎರಡನ್ನೂ ಪಕ್ಕ ಪಕ್ಕ ಇಟ್ಟು ಹೋಲಿಸ್ಬೇಡಿ.)

ಇನ್ನು ನಿಯೋಮೈಸಿನ್ ಅಪಾಯ. ಈ ಮಾತ್ರೆ ಕರುಳಲ್ಲೇ ಉಳಿಯುತ್ತೆ, ರಕ್ತಕ್ಕೆ ಹೋಗಲ್ಲ ಅಂತ ಪುಸ್ತಕದಲ್ಲಿ ಇರುತ್ತೆ, ಸುಮಾರು 3% ಮಾತ್ರ ಹೀರಿಕೊಳ್ಳುತ್ತೆ. ಆದ್ರೆ ಆ 3% ಹೊರಗೆ ಹೋಗ್ಬೇಕಾಗಿರೋದು ಕಿಡ್ನಿ ಮೂಲಕಾನೇ. ನಿಮ್ಮ ಅಪ್ಪನ ವಯಸ್ಸು, ಕ್ರಿಯಾಟಿನಿನ್ ಹಾಕಿ ನೋಡಿದ್ರೆ ಕಿಡ್ನಿ ಸೋಸೋ ಶಕ್ತಿ, ಅದೇ ಇಜಿಎಫ್ಆರ್, ಸುಮಾರು 14 ಬರುತ್ತೆ. ಇಂಥವರಲ್ಲಿ ಔಷಧಿ ದಿನದಿಂದ ದಿನಕ್ಕೆ ರಕ್ತದಲ್ಲಿ ಶೇಖರ ಆಗುತ್ತೆ, ಉಳಿದಿರೋ ಕಿಡ್ನಿನೂ ಹೋಗುತ್ತೆ, ಕಿವಿನೂ ಹೋಗುತ್ತೆ. ಕಿವಿ ಹೋದ್ರೆ ವಾಪಸ್ ಬರಲ್ಲ, ಮಾತ್ರೆ ನಿಲ್ಲಿಸಿದ ಮೇಲೂ ಕೆಲವರಿಗೆ ಕೇಳೋದು ಕಮ್ಮಿ ಆಗ್ತಾನೇ ಹೋಗುತ್ತೆ. ಲಿವರ್ ಕೆಟ್ಟು ಅಮೋನಿಯಾ ತಲೆಗೇರಿ ಮಂಪರು ಬರೋರಿಗೆ ಹಿಂದೆ ಇದನ್ನ ಕೊಡ್ತಿದ್ರು, ನಿಮ್ಮ ತಮ್ಮ ಅದನ್ನೂ ಓದಿರಬಹುದು. ಅಲ್ಲಿ ಲಿವರ್ ಅಮೋನಿಯಾನ ಯೂರಿಯಾ ಮಾಡೋ ಶಕ್ತಿ ಕಳ್ಕೊಂಡಿರುತ್ತೆ, ಅದಕ್ಕೇ ಬ್ಯಾಕ್ಟೀರಿಯಾ ತಡೆದ್ರೆ ಪ್ರಯೋಜನ. ನಿಮ್ಮ ಅಪ್ಪನ ಲಿವರಿಗೆ ತೊಂದ್ರೆ ಇದೆ ಅಂತ ನೀವು ಬರೆದಿಲ್ಲ, ಕಷ್ಟ ಇರೋದು ಕಿಡ್ನಿಯಲ್ಲಿ.

ಹಾಗಾದ್ರೆ 146 ಇದ್ದದ್ದು 118 ಹೇಗಾಯ್ತು ಅಂತ ಕೇಳ್ತೀರಿ. ಎರಡು ಕಾರಣ ನನಗೆ ಕಾಣ್ತಿದೆ. ಒಂದು ಒಳ್ಳೇದು. ಚಳಿ ಜ್ವರ ಬಂದಾಗ ದೇಹ ತನ್ನ ಮಾಂಸಖಂಡನೇ ಕರಗಿಸಿಕೊಳ್ಳುತ್ತೆ, ಊಟ ಸೇರಲ್ಲ, ನೀರು ಕುಡಿಯೋದು ಕಮ್ಮಿ ಆಗುತ್ತೆ, ಎಲ್ಲಾ ಸೇರಿ ಯೂರಿಯಾ ಏಕ್ದಂ ಏರುತ್ತೆ. ಆಂಟಿಬಯಾಟಿಕ್ ಇನ್ಫೆಕ್ಷನ್ ಇಳಿಸ್ತು, ಜ್ವರ ಬಿಡ್ತು, ಯೂರಿಯಾ ಮೊದಲಿದ್ದ ಜಾಗಕ್ಕೆ ಬಂತು. ಅಂದ್ರೆ ಮಾತ್ರೆ ಕೆಲಸ ಮಾಡಿದೆ, ಆದ್ರೆ ಮೂತ್ರದ ಇನ್ಫೆಕ್ಷನ್ ಮೇಲೆ. ಇನ್ಫೆಕ್ಷನ್ ಇಲ್ಲದಾಗ ಅದೇ ಮಾತ್ರೆ ಕೊಟ್ರೆ ಇಳಿಸೋಕೆ ಏನೂ ಇರಲ್ಲ.

ಎರಡನೇದು ಒಳ್ಳೇದಲ್ಲ. ಅಪ್ಪ ಈಗ ಪ್ರೋಟೀನ್ ತಿಂತಾನೇ ಇಲ್ಲ, ಅದಕ್ಕೂ ಯೂರಿಯಾ ಇಳಿಯುತ್ತೆ. ಕಿಡ್ನಿ ರೋಗಿಗಳ ಮನೆಗಳಲ್ಲಿ ನಾನು ಮತ್ತೆ ಮತ್ತೆ ನೋಡೋದು ಇದನ್ನೇ, ರಿಪೋರ್ಟಿನ ನಂಬರ್ ಚೆನ್ನಾಗಿ ಕಾಣ್ತಿರುತ್ತೆ, ಮನುಷ್ಯ ಸಣ್ಣಗಾಗ್ತಾ ಹೋಗ್ತಿರ್ತಾನೆ. ಅಮ್ಮಂದು ತಪ್ಪು ಅಂತ ಹೇಳ್ತಿಲ್ಲ, ಬೇಳೆ ಬಿಡಿ ಹಾಲು ಬಿಡಿ ಅಂತ ಅವ್ರಿಗೆ ಎಲ್ಲರೂ ಹೇಳಿರ್ತಾರೆ, ಎಷ್ಟು ಕೊಡ್ಬೇಕು ಅಂತ ಯಾರೂ ಹೇಳಿರಲ್ಲ. ಒಂದು ಲೆಕ್ಕ ನೋಡಿ. ಒಂದು ಕಿಲೋ ಮಾಂಸಖಂಡದಲ್ಲಿ ಸುಮಾರು 200 ಗ್ರಾಂ ಪ್ರೋಟೀನ್ ಇರುತ್ತೆ. ಅದು ಕರಗಿದ್ರೆ 32 ಗ್ರಾಂ ನೈಟ್ರೋಜನ್, ಅಂದ್ರೆ ಹತ್ತಿರ ಹತ್ತಿರ 68 ಗ್ರಾಂ ಯೂರಿಯಾ, ಸೋತಿರೋ ಕಿಡ್ನಿ ಮೇಲೆ ಬೀಳುತ್ತೆ. ದಿನಕ್ಕೆ 60 ಗ್ರಾಂ ಪ್ರೋಟೀನ್ ತಿನ್ನೋ ಮನುಷ್ಯನ ದೇಹದಲ್ಲಿ ಒಂದು ದಿನಕ್ಕೆ ಆಗೋ ಯೂರಿಯಾ ಸುಮಾರು 20 ಗ್ರಾಂ. ಬೇಳೆ ನಿಲ್ಲಿಸಿ ಉಳಿಸಿದ್ದನ್ನೆಲ್ಲಾ ಮೈ ಕರಗಿಸಿ ವಾಪಸ್ ಕೊಟ್ಟ ಹಾಗಾಯ್ತು. ಹೋದ ನಾಲ್ಕು ಕಿಲೋದಲ್ಲಿ ಎಲ್ಲಾ ಮಾಂಸಖಂಡನೇ ಇರಲ್ಲ, ನೀರೂ ಇರಬಹುದು, ಕೊಬ್ಬೂ ಇರಬಹುದು, ಆದ್ರೆ ಶುಗರ್ ಇರೋ 61 ವರ್ಷದವರಲ್ಲಿ ಮಾಂಸಖಂಡದ ಪಾಲು ಕಮ್ಮಿ ಅಂತ ನಾನು ಧೈರ್ಯವಾಗಿ ಹೇಳಲಾರೆ. ಕ್ರಿಯಾಟಿನಿನ್ ಕೂಡ ಮಾಂಸಖಂಡದಿಂದಾನೇ ಬರೋದು, ಹಾಗಾಗಿ ಮೈ ಕರಗಿದವರಲ್ಲಿ ಅದೂ ಸುಳ್ಳು ಸಮಾಧಾನ ಕೊಡುತ್ತೆ.

ಊಟಕ್ಕೆ ಬರೋಣ. ಡಯಾಲಿಸಿಸ್ ಶುರುವಾಗದ, ಶುಗರ್ ಇರೋ ಕಿಡ್ನಿ ರೋಗಿಗೆ ಕಿಲೋ ತೂಕಕ್ಕೆ ದಿನಕ್ಕೆ 0.6ರಿಂದ 0.8 ಗ್ರಾಂ ಪ್ರೋಟೀನ್ ಬೇಕು. 58 ಕಿಲೋಗೆ 35ರಿಂದ 46 ಗ್ರಾಂ ಆಯ್ತು. ದಿನಕ್ಕೆ ಎಲ್ಲಾ ಸೇರಿ 150 ಗ್ರಾಂ ಅಕ್ಕಿ, 100 ಗ್ರಾಂ ರಾಗಿ ಅಥವಾ ಜೋಳದ ಹಿಟ್ಟು, ಒಂದು ಹಿಡಿ ಅಂದ್ರೆ 30 ಗ್ರಾಂ ತೊಗರಿಬೇಳೆ, ಒಂದು ಮೊಟ್ಟೆ, ಹಾಲು ಮೊಸರು ಸೇರಿ 200 ಮಿಲಿ ಕೊಟ್ರೆ ಹತ್ತಿರ ಹತ್ತಿರ 37 ಗ್ರಾಂ ಬರುತ್ತೆ. ನೋಡಿ, ಬೇಳೆನೂ ಇದೆ, ಮೊಟ್ಟೆನೂ ಇದೆ, ಹಾಲೂ ಇದೆ. ಪೊಟ್ಯಾಶಿಯಂ, ಫಾಸ್ಫರಸ್ ರಿಪೋರ್ಟ್ ನೋಡಿ ನಿಮ್ಮ ಡಾಕ್ಟ್ರು ಅಥವಾ ಡಯಟಿಷಿಯನ್ ರಾಗಿ, ಹಾಲಿನ ಅಳತೆ ಹೆಚ್ಚು ಕಮ್ಮಿ ಮಾಡ್ತಾರೆ, ಅವ್ರನ್ನ ಕೇಳಿ ಶುರು ಮಾಡಿ. ಪ್ರೋಟೀನಿನಷ್ಟೇ ಮುಖ್ಯ ಕ್ಯಾಲರಿ, ಕಿಲೋಗೆ 25ರಿಂದ 35, ಅಂದ್ರೆ ದಿನಕ್ಕೆ 1450ರಿಂದ 2000. ಹೊಟ್ಟೆಗೆ ಸಾಕಷ್ಟು ಬೀಳದಿದ್ರೆ ತಿಂದ ಅಷ್ಟೂ ಇಷ್ಟೂ ಪ್ರೋಟೀನನ್ನ ದೇಹ ಸೌದೆ ಥರ ಉರಿಸಿಬಿಡುತ್ತೆ, ಅದೂ ಯೂರಿಯಾನೇ ಆಗುತ್ತೆ. ಗಂಜಿ ತಿಳಿಸಾರಲ್ಲಿ ಇಷ್ಟು ಕ್ಯಾಲರಿ ಬರೋ ಮಾತೇ ಇಲ್ಲ, ಒಗ್ಗರಣೆಗೆ ಎಣ್ಣೆ ಹಾಕೋಕೆ ಹೆದರ್ಬೇಡಿ. ಶುಗರ್ ಮಾತ್ರೆ, ಇನ್ಸುಲಿನ್ ಅಳತೆ ಊಟ ಬದಲಾದಾಗ ಬದಲಾಗ್ಬೇಕು, ಅದನ್ನ ಮರೀಬೇಡಿ, ಬರೀ ಗಂಜಿ ಕುಡೀತಾ ಹಳೇ ಡೋಸ್ ತಗೊಳ್ತಿದ್ರೆ ಶುಗರ್ ಲೋ ಆಗೋ ಅಪಾಯ ಈಗ್ಲೇ ಇದೆ.

ಅಪ್ಪ ನಿಜಕ್ಕೂ ಎಷ್ಟು ಪ್ರೋಟೀನ್ ತಿಂತಿದ್ದಾರೆ ಅಂತ ಊಹೆ ಮಾಡೋದೇ ಬೇಡ, ಅಳೀಬಹುದು. 24 ಗಂಟೆಯ ಮೂತ್ರ ಹಿಡಿದು ಅದರಲ್ಲಿ ಯೂರಿಯಾ ನೈಟ್ರೋಜನ್ ಎಷ್ಟು ಗ್ರಾಂ ಇದೆ ಅಂತ ಲ್ಯಾಬಲ್ಲಿ ನೋಡಿಸಿ. ಅದಕ್ಕೆ ತೂಕದ ಪ್ರತಿ ಕಿಲೋಗೆ 0.031 ಗ್ರಾಂ ಸೇರಿಸಿ, 6.25ರಿಂದ ಗುಣಿಸಿ. ಉದಾಹರಣೆಗೆ ಮೂತ್ರದಲ್ಲಿ 5 ಗ್ರಾಂ ಬಂತು ಅಂದ್ಕೊಳ್ಳಿ, 58 ಕಿಲೋಗೆ 1.8 ಸೇರಿ 6.8, ಗುಣಿಸಿದ್ರೆ 42 ಗ್ರಾಂ ಚಿಲ್ಲರೆ. ತೂಕ ಸ್ಥಿರವಾಗಿದ್ರೆ ಅದೇ ತಿಂದ ಪ್ರೋಟೀನ್. ತೂಕ ಇಳೀತಿದ್ರೆ ಅದ್ರಲ್ಲಿ ಒಂದು ಪಾಲು ಅವರ ಸ್ವಂತ ಮೈಯಿಂದ ಬಂದಿರುತ್ತೆ, ಎರಡನ್ನೂ ಜೊತೆಗಿಟ್ಟು ನೋಡ್ಬೇಕು.

ಬೈಕಾರ್ಬೊನೇಟ್ ಟೆಸ್ಟ್ ಮಾಡಿಸಿದ್ದೀರಾ? ನೀವು ಬರೆದಿಲ್ಲ. ಕಿಡ್ನಿ ಸೋತಾಗ ರಕ್ತದಲ್ಲಿ ಆಸಿಡ್ ಜಾಸ್ತಿ ಆಗುತ್ತೆ, ಆ ಆಸಿಡ್ ಮಾಂಸಖಂಡನ ಕರಗಿಸುತ್ತೆ, ಮೇಲೆ ಹೇಳಿದ ಮಿಚ್ ಅವರೇ ಆಮೇಲಿನ ವರ್ಷಗಳಲ್ಲಿ ಇದು ಹೇಗೆ ನಡೆಯುತ್ತೆ ಅಂತ ಬಿಡಿಸಿ ತೋರಿಸಿದ್ರು. ಬೈಕಾರ್ಬೊನೇಟ್ ಕಮ್ಮಿ ಇದ್ರೆ, ಅಂದ್ರೆ ಆಸಿಡ್ ಜಾಸ್ತಿ ಇದ್ರೆ, ಸೋಡಿಯಂ ಬೈಕಾರ್ಬೊನೇಟ್ ಮಾತ್ರೆ ಕೊಡ್ತಾರೆ, ಅಗ್ಗದ ಮಾತ್ರೆ, ನೈಟ್ರೋಜನ್ ಲೆಕ್ಕ ಸರಿ ಮಾಡೋದ್ರಲ್ಲಿ ಅದರ ಕೆಲಸ ದೊಡ್ಡದು. ಕಾಲು ಊತ, ಬಿಪಿ ಇರೋರಿಗೆ ನೋಡ್ಕೊಂಡು ಕೊಡ್ಬೇಕು, ನೀವೇ ಅಡುಗೆ ಸೋಡಾ ಕೊಡೋಕೆ ಹೋಗ್ಬೇಡಿ. ಕೀಟೋ ಅನಲಾಗ್ ಮಾತ್ರೆಗಳ ಬಗ್ಗೆನೂ ಯಾರಾದ್ರೂ ಹೇಳಿರ್ತಾರೆ, ಅವು ನೈಟ್ರೋಜನ್ ಇಲ್ಲದ ಅಮೈನೋ ಆಮ್ಲದ ಅಸ್ಥಿಪಂಜರ, ದೇಹದಲ್ಲಿರೋ ನೈಟ್ರೋಜನ್ ಅಂಟಿಸ್ಕೊಂಡು ಅಮೈನೋ ಆಮ್ಲ ಆಗ್ತವೆ. ಪ್ರೋಟೀನ್ ಅಳತೆ ಮಾಡಿ ಕಮ್ಮಿ ಮಾಡಿದವರಿಗೆ, ಕ್ಯಾಲರಿ ಪೂರ್ತಿ ಸಿಗ್ತಿರೋರಿಗೆ ಅದರಿಂದ ಉಪಯೋಗ ಇದೆ. ತೂಕ ಕರಗ್ತಿರೋರಿಗೆ ಮೊದ್ಲು ಊಟ, ಆಮೇಲೆ ಆ ದುಬಾರಿ ಮಾತ್ರೆ.

ಕರುಳಿನ ಬ್ಯಾಕ್ಟೀರಿಯಾ ಬಗ್ಗೆ ನಿಮ್ಮ ತಮ್ಮನಿಗಿರೋ ಕುತೂಹಲ ಮಾತ್ರ ಸರಿಯಾದ ಜಾಗದಲ್ಲೇ ಇದೆ. ಟ್ರಿಪ್ಟೊಫ್ಯಾನ್, ಟೈರೋಸಿನ್ ಅನ್ನೋ ಅಮೈನೋ ಆಮ್ಲಗಳಿಂದ ಈ ಬ್ಯಾಕ್ಟೀರಿಯಾಗಳು ಶುರು ಮಾಡೋ ಇಂಡಾಕ್ಸಿಲ್ ಸಲ್ಫೇಟ್, ಪಿ-ಕ್ರೆಸಿಲ್ ಸಲ್ಫೇಟ್ ಥರದ ವಿಷಗಳು ಡಯಾಲಿಸಿಸ್‌ನಲ್ಲೂ ಸರಿಯಾಗಿ ಹೋಗಲ್ಲ, ರಕ್ತದ ಪ್ರೋಟೀನಿಗೆ ಅಂಟಿಕೊಂಡಿರ್ತವೆ. ಮಲಬದ್ಧತೆ ಇದ್ದಷ್ಟೂ ಅವು ಜಾಸ್ತಿ. ಆದ್ರೆ ದಾರಿ ಬ್ಯಾಕ್ಟೀರಿಯಾ ಕೊಲ್ಲೋದಲ್ಲ, ಅವಕ್ಕೆ ನಾರು ಹಾಕಿ ಬೆಳೆಸೋದು. ನಾರು ಸಿಕ್ರೆ ಬ್ಯಾಕ್ಟೀರಿಯಾ ಬೆಳೀತವೆ, ಬೆಳೆಯೋಕೆ ಅವಕ್ಕೂ ನೈಟ್ರೋಜನ್ ಬೇಕು, ಅದನ್ನ ಮೈಯಲ್ಲಿ ತುಂಬ್ಕೊಂಡು ಮಲದ ಜೊತೆ ಹೊರಗೆ ಹೋಗ್ತವೆ. ನೈಟ್ರೋಜನ್ ನಿಜವಾಗಿ ದೇಹ ಬಿಟ್ಟು ಹೋಗೋದು ಹೀಗೆ, ಕಿಡ್ನಿಗೆ ಅಷ್ಟು ಹೊರೆ ಕಮ್ಮಿ. 1996ರ ಒಂದು ಚಿಕ್ಕ ಅಧ್ಯಯನದಲ್ಲಿ ಕಮ್ಮಿ ಪ್ರೋಟೀನ್ ತಿಂತಿದ್ದ ಕಿಡ್ನಿ ರೋಗಿಗಳಿಗೆ ದಿನಕ್ಕೆ 50 ಗ್ರಾಂ ಅರೇಬಿಕ್ ಅಂಟು (ಮರದ ಗೋಂದು, ಇದೂ ಒಂದು ಥರದ ನಾರೇ) ಕೊಟ್ಟಾಗ ರಕ್ತದ ಯೂರಿಯಾ ನೈಟ್ರೋಜನ್ ಸುಮಾರು 12% ಇಳೀತು. ಇದನ್ನ ಓದಿ ಅಪ್ಪಂಗೆ ಅಂಟಿನುಂಡೆ ತರೋಕೆ ಹೋಗ್ಬೇಡಿ ಮತ್ತೆ, ಅದರಲ್ಲಿ ಅಂಟಿಗಿಂತ ಒಣಕೊಬ್ಬರಿ, ಬೆಲ್ಲ, ಉತ್ತುತ್ತೆ, ಗೋಡಂಬಿನೇ ಜಾಸ್ತಿ, ಶುಗರ್ ಮತ್ತು ಪೊಟ್ಯಾಶಿಯಂ ಎರಡೂ ಏರ್ತವೆ. ಪೊಟ್ಯಾಶಿಯಂ ಕಮ್ಮಿ ಇರೋ ಹೀರೇಕಾಯಿ, ಸೋರೆಕಾಯಿ, ಎಲೆಕೋಸು ಥರದ ತರಕಾರಿ, ತೌಡು ತೆಗೆಯದ ಹಿಟ್ಟು, ಡಾಕ್ಟ್ರು ಒಪ್ಪಿದ್ರೆ ಇಸಬ್ಗೋಲ್, ಇಷ್ಟು ಸಾಕು. ಹೊಟ್ಟೆ ಕಟ್ಟಿದ್ರೆ ಲ್ಯಾಕ್ಟುಲೋಸ್ ಸಿರಪ್ ಕೇಳಿ.

ಈಗ ಪಕ್ಕದ ಮನೆಯವರ ಮಾತು. ಎಲ್ಲಾ ಆಂಟಿಬಯಾಟಿಕ್ ಕಿಡ್ನಿ ಕೆಡಿಸುತ್ತೆ ಅನ್ನೋದು ತಪ್ಪು, ಚಿಕಿತ್ಸೆ ಮಾಡದೆ ಬಿಟ್ಟ ಇನ್ಫೆಕ್ಷನ್ ಕಿಡ್ನಿನ ಅದಕ್ಕಿಂತ ಬೇಗ ಕೆಡಿಸುತ್ತೆ. ಅಪ್ಪಂಗೆ ಈಗ ಜ್ವರ, ಉರಿ, ಹೊಟ್ಟೆ ಕೆಳಗೆ ನೋವು ಇಲ್ಲ ಅಂದ್ರೆ ಉಳಿದ ಎರಡು ದಿನದ ಮಾತ್ರೆ ಈಗ ನುಂಗಿಸ್ಬೇಡಿ. ಮತ್ತೆ ಲಕ್ಷಣ ಬಂದ್ರೆ ಮಾತ್ರೆ ಶುರು ಮಾಡೋ ಮೊದ್ಲೇ ಯೂರಿನ್ ಕಲ್ಚರ್‌ಗೆ ಕೊಡಿ. ರಿಪೋರ್ಟಲ್ಲಿ ಬರೀ ಪಸ್ ಸೆಲ್ ಕಂಡಿದೆ, ಲಕ್ಷಣ ಏನೂ ಇಲ್ಲ ಅಂದ್ರೆ ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಕಾಗಲ್ಲ. ಇನ್ನೊಂದು ಮುಖ್ಯ ಮಾತು, ಗಂಡಸರಲ್ಲಿ ಜ್ವರದ ಜೊತೆ ಮೂತ್ರದ ಇನ್ಫೆಕ್ಷನ್ ಬಂದ್ರೆ ಪ್ರಾಸ್ಟೇಟ್ ದಪ್ಪ ಆಗಿದೆಯಾ, ಮೂತ್ರ ಮಾಡಿದ ಮೇಲೂ ಚೀಲದಲ್ಲಿ ಎಷ್ಟು ಉಳೀತಿದೆ ಅಂತ ಸ್ಕ್ಯಾನ್ ಮಾಡಿಸ್ಲೇಬೇಕು. ಶುಗರ್ ಇರೋರಲ್ಲಿ ಕೆಲವರಿಗೆ ಮೂತ್ರದ ಚೀಲ ಪೂರ್ತಿ ಖಾಲಿ ಆಗಲ್ಲ, ತಡೆ ಇದ್ರೆ ತೆಗೆದ ಮೇಲೆ ಕಿಡ್ನಿ ಸ್ವಲ್ಪ ಚೇತರಿಸಿಕೊಳ್ಳೋದೂ ಉಂಟು.

ಎಚ್ಚರ ಬೇಕಾಗಿರೋದು ಯಾವ ಆಂಟಿಬಯಾಟಿಕ್, ಎಷ್ಟು ಡೋಸ್ ಅನ್ನೋದ್ರಲ್ಲಿ. ನೈಟ್ರೋಫ್ಯುರಾಂಟೊಯಿನ್ ಈ ಹಂತದ ಕಿಡ್ನಿಯಲ್ಲಿ ಮೂತ್ರಕ್ಕೆ ತಲುಪೋದೇ ಕಮ್ಮಿ, ಕೈಕಾಲಿನ ನರ ಮಾತ್ರ ಕೆಡುತ್ತೆ. ಕೋಟ್ರೈಮಾಕ್ಸಜೋಲ್ ಕೊಟ್ರೆ ಕ್ರಿಯಾಟಿನಿನ್ ಏರಿದ ಹಾಗೆ ಕಾಣುತ್ತೆ, ಅದರಲ್ಲಿ ಸ್ವಲ್ಪ ಭಾಗ ಬರೀ ತೋರಿಕೆ, ಕ್ರಿಯಾಟಿನಿನ್ ಹೊರಗೆ ಹೋಗೋ ದಾರಿನ ಅದು ತಡೆಯುತ್ತೆ ಅಷ್ಟೇ, ಆದ್ರೆ ಪೊಟ್ಯಾಶಿಯಂ ಏರೋದು ನಿಜ, ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ಜೊತೆ ಇದ್ರೆ ಇನ್ನೂ ಜಾಸ್ತಿ. ಟೆಟ್ರಾಸೈಕ್ಲಿನ್ ಅಂತೂ ದೇಹ ಪ್ರೋಟೀನ್ ಕಟ್ಟೋದನ್ನೇ ತಡೆದು ಯೂರಿಯಾನ ಏರಿಸುತ್ತೆ, ಆ ಗುಂಪಲ್ಲಿ ಡಾಕ್ಸಿಸೈಕ್ಲಿನ್ ಮಾತ್ರ ಪರವಾಗಿಲ್ಲ. ಯೂರಿಯಾ ಇಳಿಸೋಕೆ ಆಂಟಿಬಯಾಟಿಕ್ ಅಂತ ಹೊರಟವರು ಇದನ್ನ ನೆನಪಿಡ್ಬೇಕು. ಸಿಪ್ರೋಫ್ಲಾಕ್ಸಾಸಿನ್ ಡೋಸ್ ಕಮ್ಮಿ ಮಾಡ್ಬೇಕು, ಗ್ಲಿಮೆಪಿರೈಡ್ ಅನ್ನೋ ಶುಗರ್ ಮಾತ್ರೆ ತಗೊಳ್ಳೋರಿಗೆ ಶುಗರ್ ಲೋ ಆಗಬಹುದು, ಕ್ಯಾಲ್ಸಿಯಂ, ಐರನ್, ಕೀಟೋ ಅನಲಾಗ್ ಮಾತ್ರೆಗಳ ಜೊತೆಗೇ ನುಂಗಿದ್ರೆ ಅವು ಸಿಪ್ರೋನ ಹಿಡ್ಕೊಂಡು ರಕ್ತಕ್ಕೆ ಹೋಗೋಕೆ ಬಿಡಲ್ಲ, ಹಾಗಾಗಿ ಸಿಪ್ರೋ ಎರಡು ಗಂಟೆ ಮೊದ್ಲು ಅಥವಾ ಆರು ಗಂಟೆ ಆದ್ಮೇಲೆ. ಮೆಡಿಕಲ್ ಶಾಪಲ್ಲಿ ಕೆಂಪು ಗೆರೆ ಇರೋ ಸ್ಟ್ರಿಪ್ ಚೀಟಿ ಇಲ್ಲದೆ ತರಲೇಬೇಡಿ, ಹಲ್ಲು ನೋವಿಗೆ ಹೋದ್ರೂ ಸರಿ, ಕೆಮ್ಮಿಗೆ ಹೋದ್ರೂ ಸರಿ, ಕ್ರಿಯಾಟಿನಿನ್ ಎಷ್ಟು ಅಂತ ಡಾಕ್ಟ್ರಿಗೆ ನೀವೇ ಮೊದ್ಲು ಹೇಳಿ.

ಡಯಾಲಿಸಿಸ್ ಮುಂದಕ್ಕೆ ಹಾಕೋ ಆಸೆ ನನಗೆ ಅರ್ಥ ಆಗುತ್ತೆ. ಯೂರಿಯಾ ಇಷ್ಟು ದಾಟಿದ್ರೆ ಶುರು ಮಾಡ್ಲೇಬೇಕು ಅಂತ ಒಂದು ನಂಬರ್ ಇಲ್ಲ. 2010ರಲ್ಲಿ ಬಂದ ಐಡಿಯಲ್ ಅನ್ನೋ ದೊಡ್ಡ ಅಧ್ಯಯನದಲ್ಲಿ ಬೇಗ ಶುರು ಮಾಡಿದವರು ಜಾಸ್ತಿ ದಿನ ಬದುಕಲಿಲ್ಲ, ಲಕ್ಷಣ ನೋಡ್ಕೊಂಡು ಕಾಯಬಹುದು ಅಂತ ಅದರಿಂದ ನಮಗೆ ಧೈರ್ಯ ಬಂತು. ಆದ್ರೆ ಕಾಯೋದು ಅಂದ್ರೆ ತಯಾರಾಗಿ ಕಾಯೋದು. ಇಜಿಎಫ್ಆರ್ 14 ಇರೋವಾಗ್ಲೇ ಫಿಸ್ಟುಲಾ ಆಪರೇಷನ್ (ಡಯಾಲಿಸಿಸ್ ಸೂಜಿ ಹಾಕೋಕೆ ಕೈಯ ರಕ್ತನಾಳಗಳನ್ನ ಜೋಡಿಸೋದು) ಬಗ್ಗೆ ಮಾತಾಡಿ, ಅದು ಪಕ್ವ ಆಗೋಕೆ ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು, ಇಲ್ಲದಿದ್ರೆ ತುರ್ತಿನಲ್ಲಿ ಕುತ್ತಿಗೆಗೆ ಕ್ಯಾತಿಟರ್ ಅನ್ನೋ ಕೊಳವೆ ಹಾಕಿಸ್ಕೋಬೇಕಾಗುತ್ತೆ. ಎಡಗೈಯಲ್ಲಿ, ಅಂದ್ರೆ ಜಾಸ್ತಿ ಬಳಸದ ಕೈಯಲ್ಲಿ, ಇನ್ನು ರಕ್ತ ತೆಗೆಯೋಕೆ, ಡ್ರಿಪ್ ಹಾಕೋಕೆ ಬಿಡ್ಬೇಡಿ.

ಈ ವಾರವೇ ನಿಮ್ಮ ಕಿಡ್ನಿ ಡಾಕ್ಟ್ರ ಹತ್ರ ಹೋಗಿ. ತೂಕ ಇಳಿದಿದ್ದನ್ನ ಮೊದ್ಲು ಹೇಳಿ, ಪೊಟ್ಯಾಶಿಯಂ, ಬೈಕಾರ್ಬೊನೇಟ್, ಫಾಸ್ಫರಸ್, ಆಲ್ಬುಮಿನ್ ಟೆಸ್ಟ್ ಕೇಳಿ, ಅಮ್ಮನ್ನೂ ಜೊತೆಗೆ ಕರ್ಕೊಂಡು ಹೋಗಿ, ಅಡುಗೆ ಮಾಡೋದು ಅವರೇ ಆದ್ರಿಂದ ಡಯಟಿಷಿಯನ್ ಮಾತಾಡ್ಬೇಕಾಗಿರೋದು ಅವರ ಹತ್ರ. ಅಷ್ಟರೊಳಗೆ ಅಪ್ಪಂಗೆ ವಾಂತಿ ನಿಲ್ಲದಿದ್ರೆ, ಮಂಪರು ಬಂದ್ರೆ, ಮಲಗಿದ್ರೆ ಉಸಿರು ಕಟ್ಟಿದ್ರೆ, ಕೈಕಾಲು ಸೋತು ಏಳೋಕೆ ಆಗದಿದ್ರೆ, ಇಲ್ಲಾ ಮೂತ್ರ ತೀರಾ ಕಮ್ಮಿ ಆದ್ರೆ ಅಪಾಯಿಂಟ್‌ಮೆಂಟ್ ಕಾಯದೆ ರಾತ್ರಿಯಾದ್ರೂ ಸರಿ ಡಯಾಲಿಸಿಸ್ ಇರೋ ಆಸ್ಪತ್ರೆಯ ಎಮರ್ಜೆನ್ಸಿಗೆ ಕರ್ಕೊಂಡು ಹೋಗಿ, ಎಲ್ಲಾ ಮಾತ್ರೆಗಳ ಸ್ಟ್ರಿಪ್ ಜೊತೆಗೆ ತಗೊಂಡು ಹೋಗಿ.